ಟ್ರಿಮ್ ಊರಿನ ಎರಡು ಸೀಟು: ಹಳೇ ಐರಿಷ್ ಪಾರ್ಲಿಮೆಂಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಹಳೇ ಕಲ್ಲಿನ ಸೇತುವೆ ಇದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿ ಮುಗಿಸಿದ್ದು. ಹೆಸರು ವೆಲ್ಲೆಸ್ಲಿ ಸೇತುವೆ. ಈ ವೆಲ್ಲೆಸ್ಲಿ ಯಾರು ಅಂತ ಹುಡುಕುತ್ತಾ ಹೋದರೆ ದಾರಿ ಐರ್ಲೆಂಡಿನ ಟ್ರಿಮ್ ಅನ್ನೋ ಪುಟ್ಟ ಊರಿಗೆ ಹೋಗಿ ಮುಟ್ಟುತ್ತದೆ. ಆ ಊರಿಗೆ ಒಂದು ಕಾಲದಲ್ಲಿ ಪಾರ್ಲಿಮೆಂಟಿನಲ್ಲಿ ಎರಡು ಸೀಟು ಇತ್ತು. ಆ ಪಾರ್ಲಿಮೆಂಟ್ ಈಗ ಇಲ್ಲ. ಸೀಟೂ ಇಲ್ಲ. ಆದರೆ ಅಲ್ಲಿ ಕೂತೆದ್ದವರು ನಮ್ಮ ಮೈಸೂರಿನ ತನಕ ಬಂದು ಹೋಗಿದ್ದಾರೆ. ಈ ವಿಷಯ ಮಾತಿಗೆ ಬಂದಾಗೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ.

ಟ್ರಿಮ್ ಎಲ್ಲಿದೆ?

ಡಬ್ಲಿನ್‌ನಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್. ಮೀತ್ ಕೌಂಟಿಯಲ್ಲಿ, ಬಾಯ್ನ್ ನದಿಯ ದಡದಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಐರಿಷ್ ಭಾಷೆಯಲ್ಲಿ ಊರಿನ ಹೆಸರು ಬಾಲ್ಯ ಆಹಾ ಟ್ರಿಮ್. ಎಲ್ಡರ್ ಮರಗಳಿರುವ ಕಡವಿನ ಊರು ಅಂತ ಅರ್ಥ. ನದಿ ದಾಟುವ ಕಡವು ಇದ್ದಲ್ಲಿ ಊರು ಬೆಳೆಯುವುದು ಎಲ್ಲ ಕಡೆ ಒಂದೇ ಕಥೆ.

ಈಗ ಅಲ್ಲಿರುವುದು ಸುಮಾರು 9,500 ಜನ. ನಮ್ಮ ಲೆಕ್ಕದಲ್ಲಿ ದೊಡ್ಡ ಹೋಬಳಿ ಕೇಂದ್ರ ಅನ್ನಬಹುದು, ಅಷ್ಟೆ. ಆದರೆ ಊರಿನ ನಡುವೆ ನಿಂತಿರುವ ಕೋಟೆ ಮಾತ್ರ ಹೋಬಳಿಯ ಅಳತೆಯದ್ದಲ್ಲ. 1172ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿ ಮೀತ್ ಸೀಮೆಯನ್ನು ಹ್ಯೂ ಡಿ ಲೇಸಿ ಅನ್ನುವ ನಾರ್ಮನ್ ಸರದಾರನಿಗೆ ಉಂಬಳಿ ಕೊಟ್ಟ. ಅವನು ಇಲ್ಲಿ ಕೋಟೆಗೆ ಕೈ ಹಾಕಿದ. ನಾರ್ಮನ್ನರು ಐರ್ಲೆಂಡಿನಲ್ಲಿ ಕಟ್ಟಿದ ಕೋಟೆಗಳಲ್ಲೆಲ್ಲ ಇದೇ ದೊಡ್ಡದು. ನಡುವಿನ ಬುರುಜಿಗೆ ಇಪ್ಪತ್ತು ಮೂಲೆ.

ಐರ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಇತ್ತಾ? ಎಲ್ಲ ಲಂಡನ್‌ನಿಂದಲೇ ನಡೆಯುತ್ತಿರಲಿಲ್ವಾ?

ಎರಡೂ ನಿಜ. 13ನೇ ಶತಮಾನದಿಂದ 1800ರವರೆಗೆ ಐರ್ಲೆಂಡಿಗೆ ಪ್ರತ್ಯೇಕ ಪಾರ್ಲಿಮೆಂಟ್ ಇತ್ತು. ಹೌಸ್ ಆಫ್ ಲಾರ್ಡ್ಸ್, ಹೌಸ್ ಆಫ್ ಕಾಮನ್ಸ್ ಅಂತ ಎರಡು ಸಭೆ. ಆದರೆ ಲಗಾಮು ಲಂಡನ್ ಕೈಯಲ್ಲಿತ್ತು. 1494ರಲ್ಲಿ ಬಂದ ಪಾಯ್ನಿಂಗ್ಸ್ ಕಾನೂನಿನ ಪ್ರಕಾರ, ಇಂಗ್ಲೆಂಡಿನ ರಾಜ ಮತ್ತು ಅವನ ಸಲಹೆಗಾರರು ಮೊದಲೇ ಒಪ್ಪದ ಮಸೂದೆಯನ್ನು ಐರಿಷ್ ಪಾರ್ಲಿಮೆಂಟ್ ಕೈಗೆತ್ತಿಕೊಳ್ಳುವಂತೆಯೇ ಇರಲಿಲ್ಲ. ಈ ಹಿಡಿತ ಸಡಿಲವಾಗಿದ್ದು 1782ರಲ್ಲಿ. ಅದಕ್ಕಾಗಿ ಹೋರಾಡಿದವರಲ್ಲಿ ಮುಂದಿದ್ದವನು ಹೆನ್ರಿ ಗ್ರ್ಯಾಟನ್. ಹಾಗಾಗಿ ಕೊನೆಯ ಹದಿನೆಂಟು ವರ್ಷದ ಪಾರ್ಲಿಮೆಂಟನ್ನು ಗ್ರ್ಯಾಟನ್ ಪಾರ್ಲಿಮೆಂಟ್ ಅಂತಲೇ ಕರೆಯುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ. ಟ್ರಿಮ್‌ನಲ್ಲಿ ಇವನಿಗೆ ಒಂದು ಸಣ್ಣ ಅವಮಾನ ಕಾದಿದೆ.

1782 ಆದಮೇಲೂ ಲಾರ್ಡ್ ಲೆಫ್ಟಿನೆಂಟ್, ಅಂದರೆ ವೈಸ್‌ರಾಯ್, ಲಂಡನ್‌ನಿಂದಲೇ ಬರುತ್ತಿದ್ದ. ಡಬ್ಲಿನ್ ಕ್ಯಾಸಲ್‌ನಲ್ಲಿ ಕೂತು ಹುದ್ದೆ, ಪಿಂಚಣಿ, ಬಿರುದು ಹಂಚಿ ಪಾರ್ಲಿಮೆಂಟಿನಲ್ಲಿ ತನ್ನ ಕಡೆಯ ತಲೆಗಳನ್ನು ಒಟ್ಟು ಹಾಕುತ್ತಿದ್ದ.

ಟ್ರಿಮ್‌ನಲ್ಲೇ ಪಾರ್ಲಿಮೆಂಟ್ ಸೇರಿತ್ತಂತೆ, ನಿಜವಾ?

ನಿಜ. ಆಗೆಲ್ಲ ಪಾರ್ಲಿಮೆಂಟಿಗೆ ಖಾಯಂ ಮನೆ ಇರಲಿಲ್ಲ. ವೈಸ್‌ರಾಯ್ ಎಲ್ಲಿ ಕರೆದರೆ ಅಲ್ಲಿ. 1447ರಲ್ಲಿ ಟ್ರಿಮ್‌ನಲ್ಲಿ ಸೇರಿದ ಪಾರ್ಲಿಮೆಂಟ್ ಮಾಡಿದ ಒಂದು ಕಾನೂನು ಕೇಳಿದರೆ ನಗು ಬರುತ್ತದೆ. ಇಂಗ್ಲಿಷ್‌ನವನು ಅನ್ನಿಸಿಕೊಳ್ಳಬೇಕಾದವನು ಮೇಲ್ದುಟಿಯ ಮೇಲೆ ಮೀಸೆ ಬಿಡುವ ಹಾಗಿಲ್ಲ. ಬಿಟ್ಟರೆ ಅವನನ್ನು ಐರಿಷ್ ಶತ್ರು ಅಂತ ಲೆಕ್ಕ ಹಾಕುವುದು.

ನಗು ನಿಂತ ಮೇಲೆ ಯೋಚಿಸಿದರೆ ಹಿಂದಿನ ಭಯ ಕಾಣುತ್ತದೆ. ನೂರಾರು ವರ್ಷದ ಹಿಂದೆ ಬಂದು ನೆಲೆಸಿದ ಇಂಗ್ಲಿಷ್ ಮನೆತನಗಳು ಐರಿಷ್ ಮಾತಾಡುತ್ತಾ, ಐರಿಷರ ಹಾಗೆ ಉಡುತ್ತಾ, ಮದುವೆ ಸಂಬಂಧ ಬೆಳೆಸುತ್ತಾ ಅಲ್ಲಿಯವರೇ ಆಗಿಬಿಟ್ಟಿದ್ದರು. ಯಾರು ನಮ್ಮವರು, ಯಾರು ಅವರು ಅಂತ ಗೊತ್ತಾಗುತ್ತಿರಲಿಲ್ಲ. ಗುರುತಿಗೆ ಮೀಸೆ ಸಿಕ್ಕಿತು. 1465ರಲ್ಲಿ ಇನ್ನೊಂದು ಕಾನೂನು ಬಂತು. ಮೀತ್, ಡಬ್ಲಿನ್ ಸೇರಿದಂತೆ ನಾಲ್ಕು ಕೌಂಟಿಗಳಲ್ಲಿದ್ದ ಐರಿಷರು ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು. ಊರಿನ ಹೆಸರಾದರೂ ಸರಿ, ಬಿಳಿ ಕಪ್ಪು ಅಂತ ಬಣ್ಣವಾದರೂ ಸರಿ, ಕಮ್ಮಾರ ಬಡಗಿ ಅಂತ ಕಸುಬಾದರೂ ಸರಿ. ಯಾವ ಊರಿನ ಹೆಸರು ಇಡಬಹುದು ಅಂತ ಆ ಕಾನೂನೇ ಕೊಟ್ಟ ಉದಾಹರಣೆಗಳಲ್ಲಿ ಟ್ರಿಮ್ ಕೂಡ ಒಂದು.

ಇಷ್ಟು ಚಿಕ್ಕ ಊರಿಗೆ ಎರಡು ಸೀಟು ಹೇಗೆ ಸಿಕ್ಕಿತು?

ಸೀಟು ಕೊಟ್ಟಿದ್ದು ಜನಸಂಖ್ಯೆ ನೋಡಿ ಅಲ್ಲ. ರಾಜ ಒಂದು ಊರಿಗೆ ಸನ್ನದು ಕೊಟ್ಟು ಅದನ್ನು 'ಬರೋ' ಅಂತ ಮಾಡಿದರೆ ಆ ಊರು ಇಬ್ಬರನ್ನು ಕಳಿಸಬಹುದು. ಊರು ದೊಡ್ಡದಿರಲಿ, ಸಣ್ಣದಿರಲಿ, ಇಬ್ಬರೇ. 1613ರ ಹೊತ್ತಿಗೆ ರಾಜ ಮೊದಲನೇ ಜೇಮ್ಸ್ ಪ್ರಾಟೆಸ್ಟೆಂಟರ ಬಲ ಹೆಚ್ಚಿಸಲು ಸುಮಾರು 40 ಹೊಸ ಬರೋಗಳನ್ನು ಹುಟ್ಟಿಸಿದ. ಟ್ರಿಮ್ ಅದಕ್ಕಿಂತ ಹಳೆಯದು.

18ನೇ ಶತಮಾನದ ಲೆಕ್ಕ ಹೀಗಿತ್ತು. 32 ಕೌಂಟಿಗಳಿಂದ 64 ಮಂದಿ, 117 ಬರೋಗಳಿಂದ 234 ಮಂದಿ, ಡಬ್ಲಿನ್ ಯೂನಿವರ್ಸಿಟಿಯಿಂದ ಇಬ್ಬರು. ಒಟ್ಟು 300. ಮೀತ್ ಕೌಂಟಿ ಒಂದರಲ್ಲೇ ಟ್ರಿಮ್, ನಾವನ್, ಕೆಲ್ಸ್, ಅತ್‌ಬಾಯ್, ಡುಲೀಕ್, ರಟೋತ್ ಅಂತ ಆರು ಬರೋ. ಇಡೀ ಕೌಂಟಿಗೆ ಇಬ್ಬರು, ಆ ಕೌಂಟಿಯೊಳಗಿನ ಆರು ಸಣ್ಣ ಊರುಗಳಿಗೆ ಹನ್ನೆರಡು ಮಂದಿ!

ಇದೇ ವಿಚಿತ್ರ ಅನ್ನಿಸಿದರೆ ವೆಕ್ಸ್‌ಫರ್ಡ್ ಕೌಂಟಿಯ ಬ್ಯಾನೋ ಕಥೆ ಕೇಳಿ. ಆ ಊರನ್ನು ಕಡಲ ಮರಳು ನುಂಗಿಹಾಕಿತ್ತು. ನಮ್ಮ ತಲಕಾಡಿನ ಹಾಗೆ. ಊರೇ ಇಲ್ಲ, ಆದರೂ 1800ರವರೆಗೆ ಬ್ಯಾನೋ ಹೆಸರಿನಲ್ಲಿ ಇಬ್ಬರು ಪಾರ್ಲಿಮೆಂಟಿನಲ್ಲಿ ಕೂತಿದ್ದರು.

ಓಟು ಯಾರಿಗಿತ್ತು?

ಊರಿನ ಜನಕ್ಕೆ ಅಂತೂ ಅಲ್ಲ. ಟ್ರಿಮ್‌ನಲ್ಲಿ ಒಂದು ಕಾರ್ಪೊರೇಷನ್ ಇತ್ತು. ಅದರ ತಲೆಯಾಳನ್ನು ಪೋರ್ಟ್‌ರೀವ್ ಅನ್ನುತ್ತಿದ್ದರು. ಅವನ ಕೆಳಗೆ ಬರ್ಜೆಸ್‌ಗಳು, ಅಂದರೆ ಕಾರ್ಪೊರೇಷನ್ನಿನ ಸದಸ್ಯರು, ಆಮೇಲೆ ಫ್ರೀಮನ್‌ಗಳು. ಇವರದ್ದೇ ಓಟು. ಫ್ರೀಮನ್ ಆಗಬೇಕಾದರೆ ಕಾರ್ಪೊರೇಷನ್ ಒಪ್ಪಿ ಸೇರಿಸಿಕೊಳ್ಳಬೇಕು. ಊರಲ್ಲಿ ಮನೆಯೇ ಇಲ್ಲದ, ಜಮೀನ್ದಾರನ ಕಡೆಯ ಜನ ಫ್ರೀಮನ್ ಆಗಿಬಿಡುವುದು ಆ ಕಾಲದ ಬರೋಗಳಲ್ಲಿ ಮಾಮೂಲಿ. ಊರಲ್ಲೇ ಹುಟ್ಟಿ, ಅಂಗಡಿ ಇಟ್ಟು, ತೆರಿಗೆ ಕಟ್ಟಿ ಸತ್ತವನಿಗೆ ಓಟು ಇಲ್ಲದಿರುವುದೂ ಅಷ್ಟೇ ಮಾಮೂಲಿ.

ಹೆಂಗಸರ ಮಾತೇ ಇಲ್ಲ. ಇನ್ನು ಕ್ಯಾಥೊಲಿಕ್ಕರು. ದೇಶದ ಮುಕ್ಕಾಲು ಪಾಲು ಜನ ಅವರೇ. ಆದರೆ 1691ರಿಂದ ಅವರು ಪಾರ್ಲಿಮೆಂಟಿನಲ್ಲಿ ಕೂರುವ ಹಾಗಿರಲಿಲ್ಲ. 1728ರಿಂದ ಓಟೂ ಹಾಕುವ ಹಾಗಿರಲಿಲ್ಲ. ಓಟು ವಾಪಸ್ ಸಿಕ್ಕಿದ್ದು 1793ರಲ್ಲಿ. ಕೂರುವ ಹಕ್ಕು ಆಗಲೂ ಸಿಗಲಿಲ್ಲ.

ಎಲೆಕ್ಷನ್ ಎಷ್ಟು ವರ್ಷಕ್ಕೊಮ್ಮೆ?

ಮೊದಲು ಲೆಕ್ಕವೇ ಇರಲಿಲ್ಲ. ರಾಜ ಸತ್ತರೆ ಎಲೆಕ್ಷನ್. ಎರಡನೇ ಜಾರ್ಜ್ ಪಟ್ಟಕ್ಕೆ ಬಂದಾಗ, 1727ರಲ್ಲಿ ಆರಿಸಿದ ಪಾರ್ಲಿಮೆಂಟ್ ಅವನು ಸಾಯುವ ತನಕ, 1760ರವರೆಗೂ ನಡೆಯಿತು. ಮೂವತ್ತಮೂರು ವರ್ಷ! ನಡುವೆ ಯಾರಾದರೂ ಸತ್ತರೆ, ಇಲ್ಲವೇ ಲಾರ್ಡ್ ಆಗಿ ಮೇಲಿನ ಸಭೆಗೆ ಹೋದರೆ ಆ ಸೀಟಿಗೆ ಮಾತ್ರ ಉಪಚುನಾವಣೆ. ಎಂಟು ವರ್ಷಕ್ಕೊಮ್ಮೆ ಎಲೆಕ್ಷನ್ ಆಗಲೇಬೇಕು ಅಂತ ಕಾನೂನು ಬಂದದ್ದು 1768ರಲ್ಲಿ.

'ಪಾಕೆಟ್ ಬರೋ' ಅಂದರೇನು?

ಯಜಮಾನನ ಜೇಬಿನಲ್ಲಿರುವ ಬರೋ. ಹೆಸರೇ ಹೇಳುತ್ತದೆ. ಓಟುದಾರರು ಕೈಬೆರಳೆಣಿಕೆಯಷ್ಟು ಅಥವಾ ಎಲ್ಲರೂ ತನ್ನ ಹಂಗಿನವರು ಅಂದಮೇಲೆ ಜಮೀನ್ದಾರ ಹೇಳಿದವನೇ ಮೆಂಬರು. ಸೀಟನ್ನು ಮಗನಿಗೆ ಕೊಡಬಹುದು, ಅಳಿಯನಿಗೆ ಕೊಡಬಹುದು, ದುಡ್ಡಿಗೆ ಮಾರಬಹುದು. ಜಮೀನು ಮಾರುವಾಗ ಬಾವಿ, ತೆಂಗಿನ ಮರ ಸೇರಿಸಿ ಬೆಲೆ ಕಟ್ಟುತ್ತೇವಲ್ಲ, ಹಾಗೆ ಸೀಟೂ ಆಸ್ತಿಯ ಲೆಕ್ಕಕ್ಕೆ ಸೇರುತ್ತಿತ್ತು.

ಟ್ರಿಮ್ ಪೂರಾ ಜೇಬಿನೊಳಗೆ ಇತ್ತು ಅನ್ನಲಾರೆ. ಅಲ್ಲಿ ಮಾತಾಡಿಸಬೇಕಾದ, ಓಲೈಸಬೇಕಾದ ಒಂದಷ್ಟು ಓಟುದಾರರು ಇದ್ದರು. ಆದರೆ ಹತ್ತಿರದ ಡಾಂಗನ್‌ನಲ್ಲಿ ಬಂಗಲೆ ಕಟ್ಟಿಕೊಂಡಿದ್ದ ವೆಸ್ಲಿ ಮನೆತನದ ಮಾತು ಅಲ್ಲಿ ಜೋರಾಗಿ ನಡೆಯುತ್ತಿತ್ತು.

ಆ ಮನೆಯಿಂದ ಯಾರ್ಯಾರು ಟ್ರಿಮ್ ಮೆಂಬರ್ ಆದರು?

ಒಂದೊಂದಾಗಿ ಹೇಳುತ್ತೇನೆ, ಬೆರಳು ಮಡಿಚಿಕೊಳ್ಳಿ. ಅಪ್ಪ ಗ್ಯಾರೆಟ್ ವೆಸ್ಲಿ, 1757ರಿಂದ 58. ರಾಜಕೀಯಕ್ಕಿಂತ ಪಿಟೀಲು ಅವನಿಗೆ ಇಷ್ಟ. ಮುಂದೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಮೊದಲ ಪ್ರೊಫೆಸರ್ ಆದ, ಅರ್ಲ್ ಆಫ್ ಮಾರ್ನಿಂಗ್ಟನ್ ಅಂತ ಬಿರುದೂ ಸಿಕ್ಕಿತು. ಸಾಲವನ್ನೂ ಬಿಟ್ಟು ಹೋದ. ಹಿರೇಮಗ ರಿಚರ್ಡ್, 1780ರಿಂದ 81. ಅಪ್ಪ ತೀರಿಕೊಂಡಾಗ ಬಿರುದು ಇವನ ತಲೆಗೆ ಬಂತು, ಕಾಮನ್ಸ್ ಬಿಟ್ಟು ಲಾರ್ಡ್ಸ್‌ಗೆ ಹೋದ. ಎರಡನೆಯವನು ವಿಲಿಯಂ, 1783ರಿಂದ 90. ಆಮೇಲೆ ಆರ್ಥರ್, 1790ರಿಂದ 97. ಅಷ್ಟರ ಮಧ್ಯೆ 1795ರಲ್ಲಿ ಕೊನೆಯ ತಮ್ಮ ಹೆನ್ರಿ ಎರಡನೇ ಸೀಟಿಗೆ.

ಅಪ್ಪ ಒಬ್ಬ, ಮಕ್ಕಳು ನಾಲ್ವರು. ಕುಟುಂಬ ರಾಜಕಾರಣ ಅಂತ ನಮ್ಮಲ್ಲಿ ಈಗ ಬೈಯುತ್ತೇವಲ್ಲ, ಅವರಿಗೆ ಆ ಮಾತೇ ಅರ್ಥವಾಗುತ್ತಿರಲಿಲ್ಲ. ಮನೆಯ ಸೀಟಿಗೆ ಮನೆಯವರು ಕೂರದೆ ಇನ್ನಾರು ಕೂರಬೇಕು ಅಂತ ಕೇಳುತ್ತಿದ್ದರು.

ವೆಸ್ಲಿಯೋ ವೆಲ್ಲೆಸ್ಲಿಯೋ?

ಎರಡೂ ಒಂದೇ ಮನೆ. ಟ್ರಿಮ್ ಮೆಂಬರ್ ಆಗಿದ್ದಾಗ ಆರ್ಥರ್ ಬರೆಯುತ್ತಿದ್ದುದು ವೆಸ್ಲಿ ಅಂತ. ಹಳೇ ರೂಪ ವೆಲ್ಲೆಸ್ಲಿ ಇನ್ನೂ ಘನವಾಗಿ ಕೇಳುತ್ತದೆ ಅಂತ ಅಣ್ಣ ರಿಚರ್ಡ್ ಅದನ್ನು ಹಿಡಿದ, ತಮ್ಮ ಆರ್ಥರ್ 1798ರಲ್ಲಿ ಇಂಡಿಯಾದಲ್ಲಿದ್ದಾಗ ಬದಲಾಯಿಸಿಕೊಂಡ. ಇದೇ ಆರ್ಥರ್ ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್.

ಆರ್ಥರ್‌ಗೆ ಸೀಟು ಸಿಕ್ಕಿದ್ದು ಹೇಗೆ?

1790ರಲ್ಲಿ ಆರ್ಥರ್‌ಗೆ 21 ತುಂಬಿತ್ತೋ ಇಲ್ಲವೋ ಅನ್ನುವಷ್ಟು ಎಳೇ ವಯಸ್ಸು. ಡಬ್ಲಿನ್ ಕ್ಯಾಸಲ್‌ನಲ್ಲಿ ವೈಸ್‌ರಾಯ್‌ಗೆ ಎಡಿಸಿ, ಅಂದರೆ ಜೊತೆಗಿರುವ ಸಹಾಯಕ ಅಧಿಕಾರಿ. ದಿನಕ್ಕೆ ಹತ್ತು ಶಿಲಿಂಗ್ ಭತ್ಯೆ. ಸೈನ್ಯದ ಸಂಬಳ ಅದಕ್ಕಿಂತ ಕಮ್ಮಿ. ಕುಣಿತ, ಔತಣ, ಇಸ್ಪೀಟು, ಕೈ ತುಂಬ ಸಾಲ. ಅಪ್ಪನ ಹಾಗೆ ಪಿಟೀಲೂ ಬಾರಿಸುತ್ತಿದ್ದ. ಅಣ್ಣ ವಿಲಿಯಂ ಟ್ರಿಮ್ ಬಿಡುವವನಿದ್ದ, ಸೀಟು ಮನೆಯಲ್ಲೇ ಉಳಿಯಬೇಕಿತ್ತು.

ಆ ಹೊತ್ತಿಗೆ ಟ್ರಿಮ್ ಕಾರ್ಪೊರೇಷನ್ ಮುಂದೆ ಒಂದು ಸೂಚನೆ ಬಂತು. ಗ್ರ್ಯಾಟನ್‌ಗೆ ಊರಿನ ಫ್ರೀಮನ್ ಗೌರವ ಕೊಡೋಣ ಅಂತ. ನೋಡುವುದಕ್ಕೆ ಹಾರ ಶಾಲು ಹೊದಿಸುವ ಕಾರ್ಯಕ್ರಮ. ಒಳಗೆ ಬೇರೆಯೇ ಇತ್ತು. ಗ್ರ್ಯಾಟನ್ ಸರ್ಕಾರದ ವಿರೋಧಿ ಬಣದ ನಾಯಕ. ಅವನ ಕಡೆಯವರು ಟ್ರಿಮ್ ಒಳಗೆ ಕಾಲಿಟ್ಟರೆ ವೆಸ್ಲಿ ಮನೆಯ ಹಿಡಿತ ಅಲ್ಲಾಡುತ್ತದೆ. ಅದನ್ನು ತಡೆಯಲು ಅಣ್ಣ ತಮ್ಮ ಆರ್ಥರ್‌ನನ್ನು ಟ್ರಿಮ್‌ಗೆ ಕಳಿಸಿದ.

ಭಾಷಣ ಮಾಡಿ ಗೊತ್ತಿಲ್ಲದ ಹುಡುಗ ಎದ್ದು ನಿಂತ. ಅವನು ಹೇಳಿದ್ದರ ಸಾರ ಇಷ್ಟು. ಗ್ರ್ಯಾಟನ್‌ನನ್ನು ಸೇರಿಸಿಕೊಳ್ಳೋಣ ಅನ್ನುವುದಕ್ಕೆ ನೀವು ಕೊಡುವ ಕಾರಣ ಅವರು ಮರ್ಯಾದಸ್ಥರು ಅನ್ನುವುದೊಂದೇ. ಯಾರೋ ಒಬ್ಬಿಬ್ಬರು ಮರ್ಯಾದಸ್ಥ ಅಂದವರನ್ನೆಲ್ಲ ಸೇರಿಸುತ್ತಾ ಹೋದರೆ ಸ್ವಲ್ಪ ದಿನಕ್ಕೆ ಇಡೀ ಊರೇ ಕಾರ್ಪೊರೇಷನ್ ಒಳಗೆ ಬಂದುಬಿಡುತ್ತದೆ. ಅಲ್ಲದೆ ಅವರಿಂದ ನಮಗೇನು ಉಪಯೋಗ?

ಸೂಚನೆ ಬಿದ್ದುಹೋಯಿತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ಜಾಗ ಇದು. ಇಡೀ ಊರೇ ಒಳಗೆ ಬಂದುಬಿಡುತ್ತದೆ! ಊರಿನ ಪ್ರತಿನಿಧಿ ಆಗಲು ಹೊರಟವನು ಊರನ್ನು ತೋರಿಸಿಯೇ ಹೆದರಿಸಿದ. ಕೇಳುತ್ತಾ ಕೂತವರು ಹೆದರಿಯೂ ಹೆದರಿದರು.

ಆಮೇಲೆ ಓಟುದಾರರು ಸುಮ್ನೆ ಬಿಡುತ್ತಾರಾ? ಅದು ಬೇಕು, ಇದು ಬೇಕು ಅಂತ ಶುರು. ದುಡ್ಡಿನ ಮಾತು ಬಂದಾಗ ಆರ್ಥರ್ ಜಾಣತನದಿಂದ ಜಾರಿಕೊಂಡ. ಎಲೆಕ್ಷನ್ ಹತ್ತಿರ ಇರುವಾಗ ದುಡ್ಡು ಕೈ ಬದಲಾದರೆ ನನ್ನ ಆಯ್ಕೆಯೇ ರದ್ದಾಗುತ್ತದೆ, ಅದರ ತಂಟೆಗೆ ಬರುವುದಿಲ್ಲ ಅಂದುಬಿಟ್ಟ.

ಪಾರ್ಲಿಮೆಂಟಿನಲ್ಲಿ ಅವನು ಏನು ಮಾಡಿದ?

ಹೆಚ್ಚೇನಿಲ್ಲ. ಸರ್ಕಾರ ಕೈ ಎತ್ತು ಅಂದಾಗ ಎತ್ತಿದ. ನೆನಪಿಡುವಂಥದ್ದು 1793ರ ಜನವರಿಯದು. ಅಧಿವೇಶನ ಶುರುವಾದಾಗ ವೈಸ್‌ರಾಯ್ ಭಾಷಣಕ್ಕೆ ವಂದನೆ ಹೇಳುವ ನಿರ್ಣಯವನ್ನು ಅನುಮೋದಿಸಿ ಮಾತಾಡಿದ. ಫ್ರಾನ್ಸಿನ ಕ್ರಾಂತಿಕಾರರನ್ನು ಬೈದ. ಕ್ಯಾಥೊಲಿಕ್ಕರಿಗೆ ಒಂದಿಷ್ಟು ರಿಯಾಯಿತಿ ಕೊಡುವ ಸರ್ಕಾರದ ನಡೆಗೆ ಸೈ ಅಂದ. ಅದೇ ವರ್ಷ ಕ್ಯಾಥೊಲಿಕ್ಕರಿಗೆ ಓಟಿನ ಹಕ್ಕು ಬಂತು.

ಆ ವರ್ಷವೇ ಅವನು 33ನೇ ರೆಜಿಮೆಂಟಿಗೆ ಸೇರಿಕೊಂಡ. ಸೈನ್ಯದ ಹುದ್ದೆಯನ್ನೂ ಆಗ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ದುಡ್ಡು ಅಣ್ಣ ರಿಚರ್ಡ್‌ನದು.

ಆ ಪಾರ್ಲಿಮೆಂಟ್ ಕಟ್ಟಡ ಈಗಲೂ ಇದೆಯಾ?

ಇದೆ. ಡಬ್ಲಿನ್ನಿನ ಕಾಲೇಜ್ ಗ್ರೀನ್‌ನಲ್ಲಿ. 1729ರಲ್ಲಿ ಕೆಲಸ ಶುರುವಾಯಿತು. ನಕ್ಷೆ ಎಡ್ವರ್ಡ್ ಲೊವೆಟ್ ಪಿಯರ್ಸ್‌ನದು. ಎರಡು ಸಭೆಗಳ ಪಾರ್ಲಿಮೆಂಟಿಗೆ ಅಂತಲೇ ಕಟ್ಟಿದ ಕಟ್ಟಡ ಪ್ರಪಂಚದಲ್ಲಿ ಇದೇ ಮೊದಲನೆಯದು. ಕಾಮನ್ಸ್ ಸಭಾಂಗಣಕ್ಕೆ ಎಂಟು ಮೂಲೆ, ಮೇಲೆ ಗುಮ್ಮಟ. 1792ರಲ್ಲಿ ಬೆಂಕಿ ಬಿದ್ದು ಗುಮ್ಮಟ ಹಾಳಾಯಿತು.

ಪಾರ್ಲಿಮೆಂಟ್ ಮುಚ್ಚಿದ ಮೇಲೆ ಕಟ್ಟಡವನ್ನು ಬ್ಯಾಂಕ್ ಆಫ್ ಐರ್ಲೆಂಡ್ 40,000 ಪೌಂಡ್‌ಗೆ ಕೊಂಡಿತು. ಒಳಗಿನ ರೂಪ ಬದಲಾಯಿಸಬೇಕು ಅಂತ ಷರತ್ತು ಇತ್ತು. ಮತ್ತೆ ಯಾರೂ ಅಲ್ಲಿ ಸಭೆ ಸೇರುವ ಆಸೆ ಪಡಬಾರದು, ನೋಡಿ. ಹಾಗಾಗಿ ಆರ್ಥರ್ ಕೂತಿದ್ದ ಕಾಮನ್ಸ್ ಈಗಿಲ್ಲ. ಲಾರ್ಡ್ಸ್ ಸಭಾಂಗಣ ಹಾಗೇ ಉಳಿದಿದೆ. ಕಾಮನ್ಸ್‌ನ ರಾಜದಂಡವನ್ನೂ ಅಲ್ಲೇ ಇಟ್ಟಿದ್ದಾರೆ. ಕೊನೆಯ ಸ್ಪೀಕರ್ ಜಾನ್ ಫಾಸ್ಟರ್ ಅದನ್ನು ಸರ್ಕಾರಕ್ಕೆ ಕೊಡಲು ಒಪ್ಪದೆ ಮನೆಗೆ ಹೊತ್ತುಕೊಂಡು ಹೋಗಿದ್ದ.

ಮೈಸೂರಿಗೂ ಟ್ರಿಮ್‌ಗೂ ಏನು ಸಂಬಂಧ?

ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆರ್ಥರ್ 1797ರ ಫೆಬ್ರವರಿಯಲ್ಲಿ ತನ್ನ ರೆಜಿಮೆಂಟಿನ ಜೊತೆ ಕಲ್ಕತ್ತಾದಲ್ಲಿ ಇಳಿದ. ಮರುವರ್ಷ ಅಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಜೊತೆಗೆ ಕಾರ್ಯದರ್ಶಿ ಆಗಿ ತಮ್ಮ ಹೆನ್ರಿ. ಮೂವರೂ ಟ್ರಿಮ್ ಸೀಟಿನಲ್ಲಿ ಕೂತೆದ್ದವರು.

1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ ಆರ್ಥರ್ ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರ ಗುಂಡು, ರಾಕೆಟ್ ಏಟು ತಿಂದು ವಾಪಸ್ ಬಂದ. ಕೆಲವು ಸೈನಿಕರು ಸೆರೆ ಸಿಕ್ಕರು. ಅದನ್ನು ಅವನು ಬದುಕಿಡೀ ಮರೆಯಲಿಲ್ಲ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸುಲ್ತಾನ್ ತೀರಿಕೊಂಡ. ಪಟ್ಟಣದ ಉಸ್ತುವಾರಿ ಆರ್ಥರ್ ಕೈಗೆ ಬಂತು.

ಮುಂದೆ ಮೈಸೂರನ್ನು ಏನು ಮಾಡಬೇಕು ಅಂತ ತೀರ್ಮಾನಿಸಲು ರಿಚರ್ಡ್ ಒಂದು ಕಮಿಷನ್ ಮಾಡಿದ. ಐದು ಜನ: ಜನರಲ್ ಹ್ಯಾರಿಸ್, ಬ್ಯಾರಿ ಕ್ಲೋಸ್, ವಿಲಿಯಂ ಕರ್ಕ್‌ಪ್ಯಾಟ್ರಿಕ್, ಆಮೇಲೆ ತನ್ನ ಇಬ್ಬರು ತಮ್ಮಂದಿರು ಆರ್ಥರ್ ಮತ್ತು ಹೆನ್ರಿ. 1799ರ ಜೂನ್ 30ರಂದು ಐದು ವರ್ಷವೂ ತುಂಬಿರದ ಮೂರನೇ ಕೃಷ್ಣರಾಜ ಒಡೆಯರ್ ಅವರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ರಾಜ್ಯದ ಒಂದಷ್ಟು ಭಾಗ ಕಂಪನಿಗೆ, ಒಂದಷ್ಟು ನಿಜಾಮನಿಗೆ, ಉಳಿದದ್ದು ಒಡೆಯರಿಗೆ. ಒಡೆಯರು ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ ಆಗಿನ ಚಿನ್ನದ ನಾಣ್ಯ, ಕಂಪನಿಗೆ ಕಟ್ಟಬೇಕು.

ಮೈಸೂರಿನ ರೈತನನ್ನು ಯಾರೂ ಕೇಳಲಿಲ್ಲ. ಕೇಳಬೇಕು ಅನ್ನುವ ಅಭ್ಯಾಸವೇ ಇವರಿಗೆ ಇರಲಿಲ್ಲವಲ್ಲ. ಟ್ರಿಮ್‌ನಲ್ಲಿ ಇವರು ಜನರ ಹೆಸರಲ್ಲಿ ಕೂತಿದ್ದಾಗಲೂ ಅಲ್ಲಿಯ ಜನರನ್ನು ಕೇಳಿರಲಿಲ್ಲ. ವಸಾಹತು ಆಡಳಿತ ಅಂದರೆ ಇಲ್ಲಿಗೆ ಬಂದಮೇಲೆ ಕಲಿತದ್ದು ಅಂದುಕೊಳ್ಳುತ್ತೇವೆ. ಈ ಅಣ್ಣತಮ್ಮಂದಿರ ಮಟ್ಟಿಗೆ ಪಾಠ ಮನೆಯ ಹತ್ತಿರವೇ ಆಗಿತ್ತು ಅಂತ ನನ್ನ ಅನಿಸಿಕೆ.

1800ರಲ್ಲಿ ಆರ್ಥರ್, ಕಂಪನಿಯ ವಿರುದ್ಧ ದಂಗೆ ಎದ್ದಿದ್ದ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿಕೊಂಡು ಉತ್ತರಕ್ಕೆ ಹೋದ. ಸೆಪ್ಟೆಂಬರ್ 10ರಂದು ಕೋಣಗಲ್ ಹತ್ತಿರ ಧೋಂಡಿಯಾ ಸತ್ತ. ಅವನ ಸಾಕುಮಗನನ್ನು ಆರ್ಥರ್ ಕರೆತಂದು ಸಾಕಿಸಿದ. ಮೈಸೂರಿನಲ್ಲಿ ವೆಲ್ಲಿಂಗ್ಟನ್ ಹೌಸ್ ಅನ್ನುವ ಮನೆ ಈಗಲೂ ಇದೆ. ಆ ದಾರಿಯಲ್ಲಿ ಓಡಾಡುವ ಎಷ್ಟೋ ಜನಕ್ಕೆ ಅದು ಯಾರ ಹೆಸರು ಅಂತ ಗೊತ್ತಿರುವುದಿಲ್ಲ.

ಶ್ರೀರಂಗಪಟ್ಟಣದ ಸೇತುವೆ ಆರ್ಥರ್ ಹೆಸರಿನದಾ?

ಅಲ್ಲ, ಅಣ್ಣ ರಿಚರ್ಡ್ ಹೆಸರಿನದು. ಗವರ್ನರ್ ಜನರಲ್ ಅವನೇ ತಾನೇ.

'ಚಿನ್ನದ ನೀರು ಕೊಟ್ಟ ಆಲೂಗಡ್ಡೆ' ಅಂದರೇನು?

ಮೈಸೂರು ಗೆದ್ದ ಮೇಲೆ ರಿಚರ್ಡ್ ದೊಡ್ಡ ಇಂಗ್ಲಿಷ್ ಬಿರುದಿಗೆ ಕಾಯುತ್ತಾ ಕೂತಿದ್ದ. 1799ರ ಕೊನೆಯಲ್ಲಿ ಬಿರುದು ಬಂತು, ಮಾರ್ಕ್ವಿಸ್ ವೆಲ್ಲೆಸ್ಲಿ ಅಂತ. ಆದರೆ ಅದು ಐರಿಷ್ ಬಿರುದು. ಐರಿಷ್ ಬಿರುದು ಅಂದರೆ ಆಗ ಎರಡನೇ ದರ್ಜೆ. ರಿಚರ್ಡ್‌ಗೆ ಉರಿದುಹೋಯಿತು. ಇದು ಎರಡು ಸಲ ಚಿನ್ನದ ನೀರು ಕೊಟ್ಟ ಆಲೂಗಡ್ಡೆ ಅಂತ ಕಾಗದದಲ್ಲಿ ಬರೆದುಕೊಂಡ. ಟ್ರಿಮ್ ಸೀಟಿನಿಂದ ಹೊರಟವನಿಗೆ ಐರ್ಲೆಂಡ್ ಅಂದರೆ ಆಲೂಗಡ್ಡೆ!

ಐರಿಷ್ ಪಾರ್ಲಿಮೆಂಟ್ ಮುಚ್ಚಿದ್ದು ಯಾಕೆ?

1798ರಲ್ಲಿ ಐರ್ಲೆಂಡಿನಲ್ಲಿ ದೊಡ್ಡ ದಂಗೆ ಆಯಿತು. ಫ್ರೆಂಚರು ಸಹಾಯಕ್ಕೆ ಸೈನ್ಯ ಕಳಿಸಿದರು. ಲಂಡನ್ ಬೆಚ್ಚಿತು. ಐರ್ಲೆಂಡನ್ನು ಬ್ರಿಟನ್ ಜೊತೆ ಪೂರ್ತಿ ಸೇರಿಸಿಕೊಂಡುಬಿಡೋಣ, ಡಬ್ಲಿನ್ನಿನ ಪಾರ್ಲಿಮೆಂಟ್ ಬೇಡ ಅಂತ ಪ್ರಧಾನಿ ಪಿಟ್ ತೀರ್ಮಾನಿಸಿದ. ಆದರೆ ಡಬ್ಲಿನ್ನಿನ ಪಾರ್ಲಿಮೆಂಟೇ ತನ್ನನ್ನು ಮುಚ್ಚುವ ಮಸೂದೆಗೆ ಓಟು ಹಾಕಬೇಕಲ್ಲ. 1799ರ ಜನವರಿಯಲ್ಲಿ ಆಗಲ್ಲ ಅಂದುಬಿಟ್ಟಿತು. ಒಂದು ವರ್ಷ ಹುದ್ದೆ, ಬಿರುದು, ಪಿಂಚಣಿ ಸುರಿದರು. 1800ರ ಫೆಬ್ರವರಿ 6ರಂದು 158 ಓಟು ಪರ, 115 ವಿರುದ್ಧ. ಕೆಲಸ ಮುಗಿಯಿತು.

ಈ ಸುರಿಯುವ ಕೆಲಸದ ಮೇಲ್ವಿಚಾರಣೆ ಆಗಿನ ವೈಸ್‌ರಾಯ್‌ನದು. ಯಾರು ಗೊತ್ತಾ? ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣವನ್ನು ಸುತ್ತುವರಿದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದವನು. 1799ರ ಜೂನ್‌ನಲ್ಲಿ, ಇತ್ತ ಮೈಸೂರಿನ ಹಂಚಿಕೆ ನಡೆಯುತ್ತಿದ್ದಾಗ, ಅತ್ತ ಅವನು ಗೆಳೆಯನಿಗೆ ಕಾಗದ ಬರೆದು ಗೋಳಾಡಿದ. ಇಂಥ ಭ್ರಷ್ಟರ ಜೊತೆ ಚೌಕಾಸಿ ಮಾಡುವ ಹೊಲಸು ಕೆಲಸಕ್ಕೆ ಇಳಿದಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ ಅಂತ. ಹೇಸಿಗೆ ಪಟ್ಟ, ಆದರೆ ಕೆಲಸ ನಿಲ್ಲಿಸಲಿಲ್ಲ.

ಸೀಟು ಕಳೆದುಕೊಂಡ ಊರುಗಳಿಗೆ ಪರಿಹಾರ ಸಿಕ್ಕಿತಾ?

ಊರಿಗಲ್ಲ, ಯಜಮಾನರಿಗೆ. ಪೂರ್ತಿ ಸೀಟು ಹೋದ ಒಂದೊಂದು ಬರೋಗೆ 15,000 ಪೌಂಡ್. ಅಂಥ ಬರೋಗಳು 84. ಒಟ್ಟು 12,60,000 ಪೌಂಡ್. ಲಾರ್ಡ್ ಡೌನ್‌ಷೈರ್ ಒಬ್ಬನಿಗೇ 52,500 ಬಂತು. ಲಾರ್ಡ್ ಈಲಿಗೆ 45,000. ಮರಳಲ್ಲಿ ಮುಚ್ಚಿಹೋದ ಬ್ಯಾನೋಗೂ 15,000 ಕೊಟ್ಟರು. ಸೀಟು ಖಾಸಗಿ ಆಸ್ತಿ ಅಂತ ಸರ್ಕಾರವೇ ರಸೀದಿ ಹರಿದುಕೊಟ್ಟ ಹಾಗಾಯಿತು.

ಟ್ರಿಮ್ ಕೂಡ ಸೀಟು ಕಳೆದುಕೊಂಡ ಪಟ್ಟಿಯಲ್ಲಿತ್ತು.

ಆಮೇಲೆ ಟ್ರಿಮ್ ಜನರ ಪ್ರತಿನಿಧಿ ಯಾರು?

1801ರ ಜನವರಿ 1ರಿಂದ ಐರ್ಲೆಂಡಿನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ 100 ಮಂದಿ ಮಾತ್ರ. ಮೀತ್ ಕೌಂಟಿಗೆ ಇಬ್ಬರು. ಟ್ರಿಮ್‌ಗೆ ಪ್ರತ್ಯೇಕ ಸೀಟು ಇಲ್ಲ. ಹಾಗಂತ ಮೀತ್ ಕಳಿಸಿದವರು ಸಾಮಾನ್ಯರಲ್ಲ. ಐರಿಷ್ ಸ್ವಂತ ಆಡಳಿತಕ್ಕಾಗಿ ಬ್ರಿಟಿಷ್ ಪಾರ್ಲಿಮೆಂಟನ್ನೇ ಕಾಡಿದ ಚಾರ್ಲ್ಸ್ ಸ್ಟೂಅರ್ಟ್ ಪಾರ್ನೆಲ್ ಮೊದಲು ಗೆದ್ದಿದ್ದು ಇಲ್ಲಿಂದಲೇ, 1875ರ ಉಪಚುನಾವಣೆಯಲ್ಲಿ. ಈಗಿನ ಐರಿಷ್ ಸಂಸತ್ತಿನ ಕೆಳಮನೆ ಡಾಯಿಲ್. ಅದರಲ್ಲಿ ಟ್ರಿಮ್ ಸೇರುವುದು ಮೀತ್ ವೆಸ್ಟ್ ಕ್ಷೇತ್ರಕ್ಕೆ.

ಕ್ಯಾಥೊಲಿಕ್ಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಸಿಕ್ಕಿದ್ದು ಯಾವಾಗ?

1829ರಲ್ಲಿ. ಆಗ ಪ್ರಧಾನಿ ಯಾರು ಅಂದರೆ ಅದೇ ನಮ್ಮ ಟ್ರಿಮ್‌ನ ಹಳೇ ಮೆಂಬರ್ ಆರ್ಥರ್. ಮನಸ್ಸು ಬದಲಾಗಿ ಕೊಟ್ಟಿದ್ದಲ್ಲ. ಐರಿಷ್ ಕ್ಯಾಥೊಲಿಕ್ಕರ ನಾಯಕ ಡೇನಿಯಲ್ ಓಕಾನೆಲ್ 1828ರಲ್ಲಿ ಕ್ಲೇರ್ ಕೌಂಟಿಯಿಂದ ಗೆದ್ದುಬಿಟ್ಟಿದ್ದ. ಕ್ಯಾಥೊಲಿಕ್ ಅಂತ ಅವನನ್ನು ಒಳಗೆ ಬಿಡದಿದ್ದರೆ ಐರ್ಲೆಂಡ್ ಹೊತ್ತಿಕೊಳ್ಳುತ್ತದೆ ಅಂತ ಆರ್ಥರ್‌ಗೆ ಗೊತ್ತಿತ್ತು. ತನ್ನ ಪಕ್ಷದವರೇ ದ್ರೋಹಿ ಅಂದರು. ಲಾರ್ಡ್ ವಿಂಚಿಲ್ಸಿ ಜೊತೆ ಬ್ಯಾಟರ್‌ಸಿಯಲ್ಲಿ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೂ ನಿಂತ. ಪ್ರಧಾನಿ ಆಗಿದ್ದಾಗಲೇ! ಯಾರಿಗೂ ಏಟು ಬೀಳಲಿಲ್ಲ.

ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದನ್ನೂ ಹೇಳಬೇಕು. ಕೌಂಟಿಗಳಲ್ಲಿ ವರ್ಷಕ್ಕೆ 40 ಶಿಲಿಂಗ್, ಅಂದರೆ 2 ಪೌಂಡ್ ಬೆಲೆಯ ಹಿಡುವಳಿ ಇದ್ದವರಿಗೆಲ್ಲ ಓಟಿತ್ತು. ಅದೇ ಸಮಯಕ್ಕೆ ಅದನ್ನು 10 ಪೌಂಡ್‌ಗೆ ಏರಿಸಿದರು. ಓಕಾನೆಲ್‌ನನ್ನು ಗೆಲ್ಲಿಸಿದ ಬಡ ರೈತರ ಓಟೇ ಹೋಯಿತು.

"ಕುದುರೆ ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಕುದುರೆ ಆಗುವುದಿಲ್ಲ" ಅಂತ ತನ್ನ ಐರಿಷ್ ಹುಟ್ಟಿನ ಬಗ್ಗೆ ಆರ್ಥರ್ ಹೇಳಿದ್ದನಾ?

ಇಲ್ಲ. ಎಲ್ಲ ಕಡೆ ಅವನ ಹೆಸರಲ್ಲೇ ಓಡಾಡುತ್ತದೆ. ಅದು ಓಕಾನೆಲ್ ಅವನ ಬಗ್ಗೆ ಹೇಳಿದ ಚುಚ್ಚುಮಾತು, 1843ರದ್ದು.

ಟ್ರಿಮ್‌ಗೆ ಹೋದರೆ ಈ ಕಥೆಯ ಗುರುತು ಏನಾದರೂ ಕಾಣುತ್ತದಾ?

ಕೋಟೆ ಇದೆ, ನೋಡಲೇಬೇಕು. ನದಿಯ ಆಚೆ ದಡದಲ್ಲಿ ಟಾಲ್ಬಟ್ ಕ್ಯಾಸಲ್ ಅನ್ನುವ ಹಳೇ ಮನೆ ಇದೆ. ಅಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಆರ್ಥರ್ ಸ್ವಲ್ಪ ದಿನ ಓದಿದ್ದ ಅಂತ ಹೇಳುತ್ತಾರೆ. ಡಾಂಗನ್ ಬಂಗಲೆ ಈಗ ಬರೀ ಗೋಡೆ.

ಇನ್ನು, ಊರೊಳಗೆ ಒಂದು ಎತ್ತರದ ಕಲ್ಲಿನ ಕಂಬ, ತುದಿಯಲ್ಲಿ ಆರ್ಥರ್ ವಿಗ್ರಹ. ನಿಲ್ಲಿಸಿದ್ದು 1817ರಲ್ಲಿ, ಅವನು ಇನ್ನೂ ಬದುಕಿದ್ದಾಗಲೇ. ಆಗಲೂ ಊರಿನ ಬಹುಪಾಲು ಜನಕ್ಕೆ ಓಟು ಇರಲಿಲ್ಲ. ಕಂಬದ ಬುಡದಲ್ಲಿ ನಿಂತು ಕತ್ತೆತ್ತಿದರೆ ಮುಖ ಸರಿಯಾಗಿ ಕಾಣುವುದಿಲ್ಲ. ಅಷ್ಟು ಎತ್ತರ.